ಬೇಲಿಯ ಮೇಲಿಂದ ಕೊಟ್ಟ ಪುಂಡಿ

ಡಲ್ಲಾಸ್

ಅಮೆರಿಕಕ್ಕೆ ಹೋಗಿಬಂದವರೆಲ್ಲ ಅಲ್ಲಿನ ಎತ್ತರದ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ನಾನು ಅಲ್ಲಿ ಕತ್ತೆತ್ತಿ ನೋಡಿದ್ದು ನಾನೇ ಬಿತ್ತಿದ ಪುಂಡಿ ಗಿಡಗಳನ್ನು. ಅವು ನನ್ನ ತಲೆಗಿಂತ ಒಂದು ಮೊಳ ಮೇಲೆ ಹೋಗಿದ್ದವು. ಹಾಗೆ ಬೆಳೆಯಲು ಬಿಟ್ಟವರು ಪೊಲೀಸರು.

ನಾನು ಗದಗಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವಳು. ಊರೂರು ತಿರುಗುವ ಹುಚ್ಚು ನನಗೆ ಯಾವತ್ತೂ ಇರಲಿಲ್ಲ. ಹೋದದ್ದು ಬಾಣಂತನಕ್ಕೆ. ತಂಗಿ ನೀಲವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಒಬ್ಬಳೇ ಮಗಳು ಸುಮಿತ್ರಾ ಹ್ಯೂಸ್ಟನ್ನಿನಲ್ಲಿ ಬಸುರಿ. ಚೊಚ್ಚಲ ಬಾಣಂತನ ತವರಿನದು, ಆ ತವರಿನಲ್ಲಿ ಉಳಿದವಳು ನಾನೊಬ್ಬಳು. ಸೂಟಿ ಹಾಕಿ ಹೊರಟೆ.

ಜತೆಗೆ ಸಿಕ್ಕವಳು ಲಲಿತಾ, ಡಲ್ಲಾಸಿನ ಡಾಕ್ಟರೊಬ್ಬರ ಹೆಂಡತಿ. ಮೈಸೂರಿನ ತಾಯಿಮನೆಯಿಂದ ಹಿಂದಿರುಗುತ್ತಿದ್ದಳು. ಹಾಗಾಗಿ ನಾನು ಮೊದಲು ಇಳಿದದ್ದು ಡಲ್ಲಾಸಿನಲ್ಲಿ. ಅದಕ್ಕೂ ಮುಂಚೆ ನ್ಯೂಯಾರ್ಕಿನ ತಪಾಸಣೆಯವ ನನ್ನ ಪೆಟ್ಟಿಗೆ ಬಿಚ್ಚಿಸಿ, ಅಂಟಿನ ಪೊಟ್ಟಣ ಮೂಸಿ, ಇದು ತಿನ್ನುವುದೋ ಹಚ್ಚುವುದೋ ಎಂದು ಕೇಳಿದ್ದ. ತಿನ್ನುವುದು, ಬಾಣಂತಿಯರಿಗೆ ಎಂದೆ. ಅವನು ಮರುಕದಿಂದ ನನ್ನ ಮುಖ ನೋಡಿ ಬಿಟ್ಟುಬಿಟ್ಟ. ಅಂಟು, ಉತ್ತತ್ತಿ, ಅಳ್ವಿ, ಅಜವಾನದ ಗಂಟುಗಳ ನಡುವೆ ಪುಂಡಿಬೀಜದ ಒಂದು ಸಣ್ಣ ಗಂಟೂ ಇತ್ತು. ಅದನ್ನವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡಲ್ಲಾಸಿನಲ್ಲಿ ಹೊರಗೆ ಕಾಲಿಟ್ಟರೆ ನಮ್ಮ ಏಪ್ರಿಲ್ ತಿಂಗಳ ರಾಯಚೂರು. ಒಳಗೆ ಬಂದರೆ ಸ್ವೆಟರು. ಹೊರಗಿನ ಬಿಸಿಲು ಪುಕ್ಕಟೆ ಸಿಗುವಾಗ ಮನೆಯೊಳಗೆ ಚಳಿ ಮಾಡಿಕೊಂಡು, ಆಮೇಲೆ ಉಣ್ಣೆಯ ಕಂಬಳಿ ಹೊದ್ದು ಮಲಗುವ ಜನರನ್ನು ನಾನು ಅಲ್ಲೇ ಮೊದಲು ಕಂಡದ್ದು. ಲಲಿತಾಳ ಮಗಳನ್ನು "ಸಾಲಿ ಹ್ಯಾಂಗ್ ನಡದೈತವ್ವಾ?" ಎಂದು ಕೇಳಿದೆ. ಅದು "ಫೈನ್, ಆಂಟಿ" ಎಂದು ಟೀವಿಯ ಕಡೆ ತಿರುಗಿತು. ನನ್ನ ಮಾತು ಅದಕ್ಕೆ ತಿಳಿದದ್ದೇ ದೊಡ್ಡದು.

ಲಲಿತಾ ನನ್ನ ಗಂಟುಗಳನ್ನು ನೋಡುತ್ತ, "ಇದೇನ್ರೀ ಮೇಡಂ, ಬೀಜ?" ಎಂದಳು.

"ಪುಂಡಿ."

"ಪುಂಡಿ ಅಂದ್ರೆ? ನಮ್ಮ ಕಡೆ ಕೇಳೇ ಇಲ್ವಲ್ಲ."

ಮೈಸೂರಿನವರಿಗೆ ಪುಂಡಿ ಗೊತ್ತಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಮೈ ಉರಿಯಿತು. ಕೂಡಿಸಿ ಪಾಠ ಮಾಡಿದೆ. ಪುಂಡಿ ನಮ್ಮ ಎರೆಹೊಲದ ಗಿಡ. ಎಲೆ ಹುಳಿ. ಅದನ್ನು ಬೇಯಿಸಿ, ತೊಗರಿಬೇಳೆ, ಜೋಳದ ನುಚ್ಚು, ಶೇಂಗಾ ಹಾಕಿ ಮಸೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪುಂಡಿಪಲ್ಯ. ಬಾವು ಬಂದರೆ ಅದೇ ಎಲೆ ಬೆಚ್ಚಗೆ ಮಾಡಿ ಕಟ್ಟುತ್ತೇವೆ. ದಂಟನ್ನು ಹಳ್ಳದ ನೀರಿನಲ್ಲಿ ಕೊಳೆಹಾಕಿ ನಾರು ತೆಗೆದು ಎತ್ತಿನ ಹಗ್ಗ ಹೊಸೆಯುತ್ತೇವೆ. "ಇಂಥಾ ಗಿಡ ನಮ್ಮ ಕಡೆ ಬಿಟ್ಟು ಜಗತ್ತಿನ್ಯಾಗ ಎಲ್ಲೂ ಇಲ್ಲ ನೋಡ್ರಿ" ಎಂದು ಮುಗಿಸಿದೆ. ಲಲಿತಾ ಒಳ್ಳೆಯವಳು. ಹೌದಾ, ಹೌದಾ ಎಂದು ಕೇಳಿದಳು.

ಕ್ಲಿಯರ್ ಲೇಕ್

ಕರೆದುಕೊಂಡು ಹೋಗಲು ಸುಮಿಯ ಗಂಡ ವಿರೂಪಾಕ್ಷ ಕಾರು ತಂದಿದ್ದ. ಹುಬ್ಬಳ್ಳಿಯ ಹುಡುಗ. ಚಂದ್ರಲೋಕಕ್ಕೆ ಜನರನ್ನು ಕಳಿಸುವ ಕೇಂದ್ರಕ್ಕೆ ಏನೇನೋ ಮಾಡಿಕೊಡುವ ಕಂಪನಿಯಲ್ಲಿ ಇಂಜಿನಿಯರು. ಚಂದ್ರನ ಮೇಲೆ ಹೋಗಿಬರುವುದು ಆಗಷ್ಟೇ ಮುಗಿದಿತ್ತು. ಮುಂದೆ ಏನು ಎಂದು ಯಾರಿಗೂ ಗೊತ್ತಿರಲಿಲ್ಲ, ಕಂಪನಿಯಲ್ಲಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿದ್ದರು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಕೊಂಡು ಕೂತಿದ್ದ ಹುಡುಗ ಸದಾ ಒಂದು ಕಾಲು ಹೊರಗೆ ಇಟ್ಟವರ ಹಾಗೆ ಇರುತ್ತಿದ್ದ.

ದಾರಿಯಲ್ಲಿ ಮೈಲಿಗಟ್ಟಲೆ ಜೋಳ. ಗಿಡ್ಡ ಜಾತಿ, ಕೆಂಪು ತೆನೆ. ಅಷ್ಟು ಜೋಳ ನೋಡಿ ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು.

"ಇಲ್ಲಿ ಮಂದಿನೂ ರೊಟ್ಟಿ ತಿಂತಾರೇನ್ರಿ ಅಳಿಯಾರ?"

"ಇಲ್ರಿ ಅತ್ತಿ. ಅದನ್ನ ದನಕ್ಕ ಹಾಕ್ತಾರ್ರಿ."

"ಕಾಳನ್ನ?"

"ಕಾಳನ್ನs ರಿ."

ಆಮೇಲೆ ಹ್ಯೂಸ್ಟನ್ ಬರುವ ತನಕ ನಾನು ಕಿಟಕಿಯ ಹೊರಗೆ ನೋಡಲಿಲ್ಲ.

ಹ್ಯೂಸ್ಟನ್ನಿನ ಅಂಚಿನ ಕ್ಲಿಯರ್ ಲೇಕ್ ಬಡಾವಣೆಯ ಮನೆಯಲ್ಲಿ ಸುಮಿ ಬಾಗಿಲಲ್ಲೇ ನಿಂತಿದ್ದಳು. ಆರು ತಿಂಗಳ ಬಸುರಿ, ಹೊಟ್ಟೆಯೊಂದು ಬಿಟ್ಟರೆ ಉಳಿದದ್ದೆಲ್ಲ ಒಣಗಿದ ಕಟ್ಟಿಗೆ. ರಕ್ತ ಕಡಿಮೆ, ಸೊಪ್ಪು ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರಂತೆ. ತಿಂದದ್ದು ನಿಲ್ಲುತ್ತಿರಲಿಲ್ಲ.

"ಏನ್ ಸೇರತೈತಿ ಹೇಳವ್ವಾ, ಮಾಡಿ ಹಾಕ್ತೀನಿ" ಎಂದೆ.

"ಏನೂ ಸೇರಂಗಿಲ್ಲ ದೊಡ್ಡವ್ವ. ಬಾಯಿ ಕೆಟ್ಟು ಹೋಗೇತಿ. ಅವ್ವ ಮಾಡತಿದ್ಲಲ್ಲ ಪುಂಡಿಪಲ್ಯ, ಅದೊಂದು ಸಿಕ್ಕಿದ್ರ ಹೊಟ್ಟಿ ತುಂಬ ಉಣತೇನಿ."

ನೀಲವ್ವನ ಪುಂಡಿಪಲ್ಯ ನಮ್ಮ ಮನೆತನದಲ್ಲೇ ಹೆಸರುವಾಸಿ. ಬೀಜ ತಂದಿದ್ದೇನೆ ಎಂದ ಕೂಡಲೇ ಹುಡುಗಿ ಎದ್ದು ಕೂತಳು. ಆದರೆ ಒಂದು ತೊಡಕಿತ್ತು. ಏನಿದ್ದರೂ ಹೆರಿಗೆಗೆ ಮುಂಚೆ ತಿನ್ನಬೇಕು. ಹೆತ್ತ ಮೇಲೆ ಹುಳಿ ಬಂದ್. ಹಸಿ ಬಾಣಂತಿ ಹುಳಿ ತಿಂದರೆ ಕೂಸಿಗೆ ಹೊಟ್ಟೆನೋವು, ತಾಯಿಗೆ ಶೀತ. ಇದು ನಮ್ಮ ಅವ್ವ ಕಲಿಸಿದ್ದು. ಓಣಿಯ ಎಷ್ಟೋ ಬಾಣಂತಿಯರ ಕೈಯಿಂದ ಉಪ್ಪಿನಕಾಯಿ ಕಸಿದುಕೊಂಡವಳು ನಾನು. ಸುಮಿಗೂ ಅದನ್ನೇ ಹೇಳಿದೆ. "ಹಂಗಾರ ಲಗೂ ಬಿತ್ತು" ಎಂದಳು.

ಹಿತ್ತಲಿನ ಮೂಲೆಯಲ್ಲಿ ಹುಲ್ಲು ಕೆತ್ತಿ ಬಿತ್ತಿದೆ. ಹ್ಯೂಸ್ಟನ್ನಿನ ಸೆಕೆಗೆ ಪುಂಡಿ ನಾಲ್ಕೇ ದಿನಕ್ಕೆ ಮೇಲೆದ್ದಿತು. ಗೇಣುದ್ದ ಆಗುವಷ್ಟರಲ್ಲಿ ಒಂದು ಶನಿವಾರ ಅಳಿಯ ಹುಲ್ಲು ಕತ್ತರಿಸುವ ಯಂತ್ರ ಓಡಿಸಿ, ಹುಲ್ಲಿನ ಜತೆಗೆ ಪುಂಡಿಯನ್ನೂ ನುಣ್ಣಗೆ ಬೋಳಿಸಿಟ್ಟ. ಕಳೆ ಎಂದುಕೊಂಡನಂತೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಪುಂಡಿಯ ಸಸಿ ಗುರುತು ಹಿಡಿಯದವನು ರಾಕೆಟ್ಟಿನಲ್ಲಿ ಏನು ಮಾಡುತ್ತಿದ್ದನೋ ಎಂದು ಮನಸ್ಸಿನಲ್ಲೇ ಬೈದುಕೊಂಡು ಎರಡನೆಯ ಸಲ ಬಿತ್ತಿದೆ. ಹೀಗೆ ಒಂದು ತಿಂಗಳು ಹೋಯಿತು.

ಈ ನಡುವೆ ನೆರೆಮನೆಯ ಪರಿಚಯವಾಯಿತು. ಆಗಿದ್ದೂ ಒಂದು ಫಜೀತಿಯಿಂದ. ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳು. ಸಂಜೆ ಅಡ್ಡಾಡಿ ಬಂದು, ಹಿಂದಿನ ಬಾಗಿಲು ತೆರೆದು, ಅಡಿಗೆಮನೆಯಲ್ಲಿ ಕೈ ತೊಳೆದು, ಟವೆಲ್ಲಿಗೆ ತಡಕಾಡುವಾಗ ಬಿಳಿ ಕೂದಲಿನ ಒಬ್ಬ ಹೆಂಗಸು ನನ್ನ ಕೈಗೆ ಟವೆಲ್ ಕೊಟ್ಟಳು. ಮಿಸೆಸ್ ಹ್ಯಾಡ್ಲಿ. ನನ್ನ ಸೀರೆ ನೋಡಿಯೇ ಯಾವ ಮನೆಯವಳೆಂದು ಅವಳಿಗೆ ಗೊತ್ತಾಗಿತ್ತು. ಕೂಡಿಸಿ ನಿಂಬೆಹಣ್ಣಿನ ಕೇಕು ಕೊಟ್ಟಳು. ಗಂಡ ತೀರಿಕೊಂಡಿದ್ದ, ಮಗ ದೂರದಲ್ಲಿದ್ದ. ಅವತ್ತಿನಿಂದ ಬೇಲಿಯ ಆಚೆ ಅವಳು, ಈಚೆ ನಾನು, ದಿನಾ ಎರಡು ಮಾತು. ಹಲಗೆಯ ಬೇಲಿ ಎದೆಮಟ್ಟ ಇತ್ತು. ಅವಳ ಟೊಮೇಟೋ ನನಗೆ ಕಾಣುತ್ತಿತ್ತು. ನನ್ನ ಪುಂಡಿ ಗರಾಜಿನ ಮರೆಯಲ್ಲಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

ಪುಂಡಿಯ ಕೆಳಗಿನ ಎಲೆ ಅಗಲವಾಗಿ ಒಂದೇ ಹಾಳೆ ಇರುತ್ತದೆ. ಗಿಡ ಮೇಲೇರಿದಂತೆ ಎಲೆ ಐದು ಬೆರಳು ಬಿಟ್ಟ ಕೈಯ ಹಾಗೆ ಸೀಳುತ್ತದೆ. ಹುಳಿ ಏರುವುದೂ ಆಗಲೇ. ನಾನು ಅದಕ್ಕೇ ಕಾದಿದ್ದೆ. ಸೊಂಟ ದಾಟಿದ ಮೇಲೆ ಒಂದು ಬೆಳಿಗ್ಗೆ ಮಿಂದು, ಎಳೆಯ ಕುಡಿಗಳನ್ನು ಚಿವುಟಿ ಸ್ಟೀಲಿನ ಬೋಗುಣಿಯಲ್ಲಿ ಒಪ್ಪವಾಗಿ ಜೋಡಿಸಿದೆ. ಸುಮಿ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ದನದ ಆಹಾರದ ಅಂಗಡಿಯಿಂದ ತಂದ ಕೆಂಪು ಜೋಳವನ್ನು ಆರಿಸಿ ನುಚ್ಚು ಮಾಡಿಟ್ಟಿದ್ದೆ. ಬೇಳೆ ಒಲೆಯ ಮೇಲಿತ್ತು.

ಆದರೆ ಹಿತ್ತಲಿನ ಮೊದಲ ಕುಯಿಲು ನೆರೆಮನೆಗೆ ಕೊಡದೆ ನಾವು ಬಾಯಿಗಿಟ್ಟವರಲ್ಲ. ಅವರೆಕಾಯಿ ಇರಲಿ, ಹೀರೆಕಾಯಿ ಇರಲಿ, ಮೊದಲ ಪಾಲು ಬಾಜೂ ಮನೆಗೆ. ಅದೂ ಬಸುರಿ ಉಣ್ಣುವ ಪದಾರ್ಥ, ಯಾರ ಕಣ್ಣೂ ಇರಬಾರದು. ಬೋಗುಣಿಯ ತುಂಬ ಕುಡಿ ಹಿಡಿದುಕೊಂಡು ಬೇಲಿಯ ಹತ್ತಿರ ಹೋಗಿ ಕೂಗಿದೆ. ಮಿಸೆಸ್ ಹ್ಯಾಡ್ಲಿ ಬಂದಳು. ಬೋಗುಣಿ ನೋಡಿದಳು. ನನ್ನ ಮುಖ ನೋಡಿದಳು.

"ಇದನ್ನು ಏನು ಮಾಡಬೇಕು?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ತಿನ್ನಬೇಕು. ನಾವು ಮನೆಮಂದಿಯೆಲ್ಲ ತಿನ್ನುತ್ತೇವೆ. ಬಸುರಿಯರಿಗೆ ಬಹಳ ಒಳ್ಳೆಯದು. ಊರಿನಿಂದ ನಾನೇ ಬೀಜ ತಂದೆ. ಇನ್ನೂ ಬೇಕಾದರೆ ಹಿಂದೆ ಬೇಕಾದಷ್ಟಿದೆ" ಎಂದೆ.

ಅವಳು ಥ್ಯಾಂಕ್ಸ್ ಹೇಳಿ, ಬೋಗುಣಿಯನ್ನು ಮೈಗೆ ತಾಗದ ಹಾಗೆ ಎತ್ತಿ ಹಿಡಿದುಕೊಂಡು ಒಳಗೆ ಹೋದಳು. ಒಗ್ಗರಣೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಮನೆಯ ಮುಂದೆ ಪೊಲೀಸ್ ಕಾರು ನಿಂತಿತು.

ಇನ್ನೂ ಕ್ಲಿಯರ್ ಲೇಕ್

ಬಂದ ಅಧಿಕಾರಿ ಆಳೆತ್ತರದ ಬಾಗಿಲಲ್ಲೂ ಬಗ್ಗಿ ಬರಬೇಕಾದಷ್ಟು ಉದ್ದ. ಟೊಪ್ಪಿಗೆ ತೆಗೆದು "ಮ್ಯಾಮ್" ಎಂದ. ಹಿತ್ತಲಿಗೆ ಹೋಗಿ ಸಾಲಾಗಿ ನಿಂತ ಪುಂಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ, "ಇಷ್ಟು ರಾಜಾರೋಷವಾಗಿ ಗಾಂಜಾ ಬೆಳೆದವರನ್ನು ನಾನು ಕಂಡಿಲ್ಲ" ಎಂದ.

ಗಾಂಜಾ! ನಾನು ಗಾಂಜಾ ಗಿಡ ನೋಡಿಯೇ ಇರಲಿಲ್ಲ. ಮಠದ ಕಟ್ಟೆಯ ಮೇಲೆ ಬೈರಾಗಿಗಳು ಸೇದುವುದನ್ನು ದೂರದಿಂದ ಕಂಡದ್ದಷ್ಟೇ. ನನ್ನ ಸಿಟ್ಟು ನೆತ್ತಿಗೇರಿತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸಿಗೆ ಇದನ್ನು ಅನ್ನುತ್ತೀಯಾ ಎಂದು ಶಾಲೆಯ ದನಿಯಲ್ಲೇ ಕೇಳಿದೆ. ದಂಟಿನ ಮೇಲಿನ ಸಣ್ಣ ಮುಳ್ಳು ತೋರಿಸಿದೆ. ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದು, ಇನ್ನೊಂದನ್ನು ಅವನ ಮುಂದೆ ಹಿಡಿದೆ.

"ತಿಂದು ನೋಡಪ್ಪ. ಹುಳಿ ಇದೆ."

ಅವನು ಎರಡು ಹೆಜ್ಜೆ ಹಿಂದೆ ಸರಿದ. "ದಯವಿಟ್ಟು ಉಗಿಯಿರಿ, ಮ್ಯಾಮ್."

"ಯಾಕೆ ಉಗಿಯಲಿ?" ಎಂದು ನುಂಗಿದೆ.

ಅಷ್ಟರಲ್ಲಿ ಸುಮಿ ಫೋನ್ ಮಾಡಿ ಅಳಿಯನನ್ನು ಕರೆಸಿದ್ದಳು. ಅವನ ಮುಖ ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು. ಗಾಂಜಾದ ಎಲೆಯೂ ಹೀಗೇ ಬೆರಳು ಬಿಟ್ಟ ಕೈಯ ಹಾಗಿರುತ್ತದಂತೆ, ಆ ರಾಜ್ಯದಲ್ಲಿ ಅದು ಸಿಕ್ಕರೆ ವರ್ಷಗಟ್ಟಲೆ ಜೈಲಂತೆ. ಅಧಿಕಾರಿ ಕಟುಕನಲ್ಲ. ಬಸುರಿ ಹುಡುಗಿ, ನಡುಗುವ ಇಂಜಿನಿಯರು, ಎಲೆ ತಿನ್ನುವ ಹೆಡ್‌ಮಿಸ್ಟ್ರೆಸ್, ಮೂವರನ್ನೂ ನೋಡಿ ಅವನಿಗೇ ಅನುಮಾನ ಬಂದಿತ್ತು. ಒಂದು ಗಿಡ ಬೇರುಸಹಿತ ಕಿತ್ತುಕೊಂಡ. ಮಿಸೆಸ್ ಹ್ಯಾಡ್ಲಿಯ ಮನೆಯಿಂದ ನನ್ನ ಬೋಗುಣಿಯನ್ನೂ ತೆಗೆದುಕೊಂಡ. ಪರೀಕ್ಷೆಗೆ ಕಳಿಸುತ್ತೇನೆ, ಉತ್ತರ ಬರುವವರೆಗೆ ಉಳಿದ ಗಿಡಗಳನ್ನು ಕೀಳಬಾರದು, ಕತ್ತರಿಸಬಾರದು, ತಿನ್ನಲಂತೂ ಬಾರದು ಎಂದು ಹೇಳಿ ಹೋದ.

"ಅತ್ತಿ, ಹೇಳಿದ್ರ ಆಗತಿರಲಿಲ್ಲೇನ್ರಿ, ನೆರಿಮನಿಗೆ ಕೊಡತೇನಿ ಅಂತ?" ಅಳಿಯ ಅಷ್ಟೇ ಅಂದದ್ದು. ಬೈದಿದ್ದರೆ ಚಲೋ ಇರುತ್ತಿತ್ತು. "ಆಫೀಸಿನ್ಯಾಗ ಗೊತ್ತಾತಂದ್ರ ಮುಗೀತ್ರಿ. ಕೆಲಸಾನೂ ಹೋತು, ಗ್ರೀನ್ ಕಾರ್ಡೂ ಹೋತು."

ಸುಮಿ ಒಲೆ ಆರಿಸಿದಳು. ಬೇಳೆ ಬೆಂದು ಹಾಗೇ ಇತ್ತು. ಅದಕ್ಕೆ ಉಪ್ಪು ಹಾಕಿಕೊಂಡು ಮೂವರೂ ಉಂಡೆವು, ಸುಮಿ ಉಂಡದ್ದನ್ನು ಕಾರಿಕೊಂಡಳು.

ಆಮೇಲಿನ ದಿನಗಳು ಬಲು ಕೆಟ್ಟವು. ಉತ್ತರ ಬರಲಿಲ್ಲ. ಪುಂಡಿ ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯಿತು. ಬೇಲಿ ದಾಟಿತು, ನನ್ನ ತಲೆ ದಾಟಿತು. ಕಿಟಕಿಯಲ್ಲಿ ನಿಂತರೆ ಕಾಣುವುದು ಅದೇ. ನೀಲವ್ವ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಎಷ್ಟು ಸಲ ಅನ್ನಿಸಿತೋ. ಮಿಸೆಸ್ ಹ್ಯಾಡ್ಲಿ ತನ್ನ ಟೊಮೇಟೋ ಗಿಡಗಳಿಗೆ ನೀರು ಹಾಕಲೂ ಹೊರಗೆ ಬರಲಿಲ್ಲ. ಹಣ್ಣು ಗಿಡದಲ್ಲೇ ಕೊಳೆತವು.

ಆಸ್ಟಿನ್

ಆಸ್ಟಿನ್ನಿನಲ್ಲಿ ಇಮಾಮ್ ಎಂಬ ಹುಡುಗ ಓದುತ್ತಿದ್ದ. ಗದಗಿನವನೇ, ಅವನ ಅಕ್ಕ ನನ್ನ ಶಾಲೆಯಲ್ಲಿ ಕಲಿತವಳು. ವಿಶ್ವವಿದ್ಯಾಲಯದಲ್ಲಿ ಗಿಡಮರಗಳ ಪ್ರೊಫೆಸರ್ ಒಬ್ಬರು ಗೊತ್ತು, ಅವರಿಂದ ಒಂದು ಮಾತು ಹೇಳಿಸಿದರೆ ಪೊಲೀಸರು ಕೇಳುತ್ತಾರೆ ಎಂದು ಫೋನಿನಲ್ಲಿ ಹೇಳಿದ. ಸುಮಿಯನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ, ಅವಳನ್ನೂ ಹಿಂದಿನ ಸೀಟಿನಲ್ಲಿ ದಿಂಬು ಒತ್ತಿ ಮಲಗಿಸಿಕೊಂಡು ಹೊರಟೆವು. ಎಲೆ ಒಯ್ಯುವ ಧೈರ್ಯ ಅಳಿಯನಿಗೆ ಇರಲಿಲ್ಲ. ಉಳಿದ ಬೀಜದ ಗಂಟು ನನ್ನ ಸೊಂಟದಲ್ಲಿತ್ತು.

ಆಸ್ಟಿನ್ ಹ್ಯೂಸ್ಟನ್ನಿನ ಹಾಗಲ್ಲ. ಸಣ್ಣ ಸಣ್ಣ ಗುಡ್ಡ, ಹೊಳೆ, ಉಸಿರಾಡಲು ಗಾಳಿ. ರಸ್ತೆಯಲ್ಲಿ ಜಡೆ ಬಿಟ್ಟು ಬರಿಗಾಲಲ್ಲಿ ನಡೆಯುವ ಹುಡುಗರು. ಒಂದು ಮರದ ಕೆಳಗೆ ಐದಾರು ಜನ ಕೂತಿದ್ದರು, ಏನೋ ಸುಟ್ಟ ವಾಸನೆ.

"ಏನೋ ಇಮಾಮ, ಇದು ವಾಸನಿ?"

"ಅಕ್ಕಾರ, ಇದು ಖರೇ ಗಾಂಜಾರಿ" ಎಂದ. ಅಲ್ಲೇ ಒಬ್ಬ ಪೊಲೀಸಿನವನು ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದ. ನನ್ನ ಹೊಟ್ಟೆ ಹೇಗೆ ಉರಿದಿರಬೇಡ!

ಪ್ರೊಫೆಸರರ ಕೋಣೆಗೆ ಬೀಗ. ಬೇಸಿಗೆಗೆ ಎಲ್ಲೋ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು. ಅಳಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಇಮಾಮ್ ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಚಹಾ ಮಾಡಿದ. ಬೀಜ ಹೇಗಿವೆ ನೋಡೋಣ ಎಂದ. ತಟ್ಟೆಯಲ್ಲಿ ಸುರಿದೆ.

ಎದುರುಮನೆಯಲ್ಲಿ ಆಫ್ರಿಕಾದ ವಿದ್ಯಾರ್ಥಿ ಮೂಸಾ ಇದ್ದ, ನೈಜೀರಿಯಾದ ಉತ್ತರದವನು, ಬೇಸಾಯದ ವಿಷಯ ಓದುತ್ತಿದ್ದ. ಅವನ ಹೆಂಡತಿ ಹಲೀಮಾ ಸಕ್ಕರೆ ಕೇಳಲು ಬಂದಳು, ಬಗಲಲ್ಲಿ ಗುಂಡಗಿನ ಕೂಸು. ತಟ್ಟೆ ನೋಡಿದವಳೇ ನಿಂತಳು. ಒಂದು ಬೀಜ ತೆಗೆದು ಹಲ್ಲಿನಲ್ಲಿ ಕಡಿದಳು. ತಮ್ಮ ಮಾತಿನಲ್ಲಿ ಏನೋ ಕೂಗಿ ಗಂಡನನ್ನು ಕರೆದಳು.

"ಇದು ನಿಮ್ಮ ಹತ್ತಿರ ಹೇಗೆ ಬಂತು?" ಎಂದು ನನ್ನನ್ನೇ ಕೇಳಿದಳು.

"ಇದು ನಮ್ಮೂರ ಗಿಡ" ಎಂದೆ.

"ಇಲ್ಲ, ಇದು ನಮ್ಮೂರ ಗಿಡ."

ನಾನು ಬಿಡುವವಳಲ್ಲ. ಎಲೆ ಹುಳಿ ಎಂದೆ, ಹೌದು ಎಂದಳು. ಬೇಯಿಸಿ ಶೇಂಗಾ ಹಾಕುತ್ತೇವೆ ಎಂದೆ, ನಾವು ಶೇಂಗಾ ಕುಟ್ಟಿ ಹಾಕುತ್ತೇವೆ ಎಂದಳು. ಬಾವು ಬಂದರೆ ಕಟ್ಟುತ್ತೇವೆ ಎಂದೆ, ತನ್ನ ಮೊಣಕಾಲ ಮೇಲಿನ ಹಳೆಯ ಕಲೆ ತೋರಿಸಿದಳು. ಎತ್ತಿನ ಹಗ್ಗ ಎಂದೆ. ಆಡಿನ ಹಗ್ಗ ಎಂದು, ತೊಡೆಯ ಮೇಲೆ ಅಂಗೈ ಉಜ್ಜಿ ನಾರು ಹೊಸೆಯುವುದನ್ನು ಮಾಡಿ ತೋರಿಸಿದಳು. ನಮ್ಮಪ್ಪ ಹೊಸೆಯುತ್ತಿದ್ದದ್ದು ಹಾಗೇ.

ಮೂಸಾ ನಗುತ್ತ, "ನಮ್ಮ ಕಡೆ ಇದು ಯಾರೂ ಬಿತ್ತದಿದ್ದರೂ ಕಾಡಿನಲ್ಲಿ ತಾನಾಗಿ ಬೆಳೆಯುತ್ತದೆ. ಅಲ್ಲಿಂದ ಬಹಳ ಹಿಂದೆ ನಿಮ್ಮ ದೇಶಕ್ಕೆ ಬಂದದ್ದು. ಈಗ ಅಮೆರಿಕದವರೇ ಕಾಗದ ಮಾಡಲು ಇದನ್ನು ಬೆಳೆದು ನೋಡುತ್ತಿದ್ದಾರೆ" ಎಂದ. ಲಲಿತಾಳನ್ನು ಕೂಡಿಸಿ ಪಾಠ ಮಾಡಿದ್ದು ನೆನಪಾಗಿ ಮುಖ ಸಣ್ಣದಾಯಿತು.

ಅಳಿಯ ಎದ್ದು ನಿಂತ. "ಅದನ್ನೇ ನೀವು ಆ ಅಧಿಕಾರಿಗೆ ಫೋನ್ ಮಾಡಿ ಹೇಳಿಬಿಡಿ."

ಮೂಸಾನ ನಗು ನಿಂತಿತು. "ಗೆಳೆಯಾ, ಆಫ್ರಿಕಾದ ಒಬ್ಬ ಕರಿಯ ಟೆಕ್ಸಸ್ ಪೊಲೀಸರಿಗೆ ಫೋನ್ ಮಾಡಿ, ಅದು ಗಾಂಜಾ ಅಲ್ಲ, ನನ್ನ ಮಾತು ನಂಬಿ ಎನ್ನಬೇಕೇ? ಆಮೇಲೆ ನಾವಿಬ್ಬರೂ ಒಂದೇ ಕೋಣೆಯಲ್ಲಿರುತ್ತೇವೆ." ಅಳಿಯ ಮತ್ತೆ ಕೂತ.

ಹಲೀಮಾ ಈ ಗಿಡದ ರುಚಿ ನೋಡದೆ ಮೂರು ವರ್ಷವಾಗಿತ್ತಂತೆ. ಬೀಜದಲ್ಲಿ ಅರ್ಧ ಅವಳಿಗೆ ಕಟ್ಟಿಕೊಟ್ಟೆ. ಅವಳು ಸುಮಿಯ ಹೊಟ್ಟೆ ನೋಡಿ, ಹೆತ್ತ ಮೇಲೆ ದಿನಾ ಇದನ್ನೇ ತಿನ್ನಿಸಿ, ನನಗೆ ನಮ್ಮಮ್ಮ ಇದನ್ನೇ ಕೊಟ್ಟದ್ದು ಎಂದಳು.

"ಹಸಿ ಬಾಣಂತಿಗೆ? ಹುಳಿ?" ನಾನು ಹೌಹಾರಿದೆ. "ಕೂಸಿಗೆ ಏನೂ ಆಗಲಿಲ್ಲವೇ?"

ಹಲೀಮಾ ತನ್ನ ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದಳು. ಅಬ್ಬಾ, ಏನು ಭಾರ! ಸುಮಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನಾನು ಆ ದೇಶಕ್ಕೆ ಬಂದ ಮೇಲೆ ಅವತ್ತೇ ಕಂಡದ್ದು.

ಮರಳಿ ಕ್ಲಿಯರ್ ಲೇಕ್

ಹೆರಿಗೆ ಹೇಳಿದ ದಿನಕ್ಕಿಂತ ಮುಂಚೆಯೇ ಆಯಿತು. ಹೆಣ್ಣು ಕೂಸು, ಸಣ್ಣದು, ಆದರೆ ದನಿ ದೊಡ್ಡದು. ಪೊಲೀಸರ ಉತ್ತರ ಬಂದಿರಲಿಲ್ಲ. ಪುಂಡಿ ಸುಮಿಯ ಬಾಯಿಗೆ ಬೀಳಲೇ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನನ್ನ ತಂಗಿ ಮಾಡಬೇಕಾದ ಒಂದೇ ಒಂದು ಕೆಲಸ ನನ್ನಿಂದ ಆಗಲಿಲ್ಲ ಎಂದು ಅತ್ತುಬಿಟ್ಟೆ. ಅಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ, ಅಳಲು ಅನುಕೂಲವೇ ಆಯಿತು.

ಒಳಗೆ ಹೋಗಿ ನೋಡಿದರೆ ನರ್ಸ್ ಬಾಣಂತಿಗೆ ಕಿತ್ತಳೆರಸ ಕುಡಿಸುತ್ತಿದ್ದಾಳೆ, ಅದರಲ್ಲಿ ಐಸಿನ ಚೂರು! ಹುಳಿ, ಮೇಲೆ ತಂಪು. ಕಿವಿಗೆ ಅರಳೆಯಿಲ್ಲ, ತಲೆಗೆ ಬಟ್ಟೆಯಿಲ್ಲ. ಗ್ಲಾಸು ಕಸಿದುಕೊಳ್ಳಲು ಹೋದೆ. ನರ್ಸು ನನ್ನನ್ನೇ ಹೊರಗೆ ಕಳಿಸಿದಳು. ಕೂಸಿಗೆ ಏನಾಗುತ್ತದೋ ಎಂದು ಕಾದೆ. ಅದು ಹಾಲು ಕುಡಿದು ಮಲಗಿತು.

ಮನೆಗೆ ಬಂದ ಮೇಲೆ ಮೆಣಸಿನ ಸಾರು, ಮೆಂತೆ ಹಿಟ್ಟು, ಅಂಟಿನುಂಡಿ, ನನಗೆ ಗೊತ್ತಿದ್ದದ್ದೆಲ್ಲ ಮಾಡಿದೆ. ಸುಮಿ ಎರಡು ತುತ್ತು ತಿಂದು ಗೋಡೆಯ ಕಡೆ ತಿರುಗುವಳು. ಹಾಲು ಕಡಿಮೆಯಾಗುತ್ತ ಬಂತು.

ಆಗ ಬಂದ ನಮ್ಮ ಉದ್ದನೆಯ ಅಧಿಕಾರಿ. ಕೈಯಲ್ಲಿ ನನ್ನ ಬೋಗುಣಿ.

"ಅದು ಗಾಂಜಾ ಅಲ್ಲವಂತೆ, ಮ್ಯಾಮ್" ಎಂದ.

"ಮತ್ತೇನಂತೆ?"

"ಅದು ಅವರಿಗೂ ಗೊತ್ತಿಲ್ಲವಂತೆ."

ಅಳಿಯ ಒಳಗಿನಿಂದ ಓಡಿ ಬಂದ. ಆಫೀಸಿಗೆ ಸುದ್ದಿ ಹೋಗಿಲ್ಲವಷ್ಟೇ ಎಂದು ಎರಡೆರಡು ಸಲ ಕೇಳಿದ. ಹೋಗಿಲ್ಲ ಎಂದ ಅಧಿಕಾರಿ. ತೊಟ್ಟಿಲಲ್ಲಿದ್ದ ಕೂಸನ್ನು ನೋಡಿ, ಟೊಪ್ಪಿಗೆ ಎದೆಗೆ ಒತ್ತಿಕೊಂಡು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿ ಹೋದ.

ನಾನು ಹಿತ್ತಲಿಗೆ ಹೋಗಿ ನಿಂತೆ. ಪುಂಡಿ ಹೂ ಬಿಟ್ಟಿತ್ತು. ತಿಳಿ ಹಳದಿ ದಳ, ನಡುವೆ ಕಡುಗೆಂಪು. ತುದಿಯಲ್ಲಿ ಇನ್ನೂ ಎಳೆ ಕುಡಿಗಳಿದ್ದವು. ಅವ್ವ ಹೇಳಿದ್ದು ಒಂದು ಕಡೆ. ನರ್ಸಿನ ಕಿತ್ತಳೆರಸ, ಹಲೀಮಾಳ ಕೂಸಿನ ಭಾರ ಇನ್ನೊಂದು ಕಡೆ. ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ ಹುಡುಗಿ. ಕೈ ಹೋಗಿ ಕುಡಿ ಚಿವುಟಲು ಶುರುಮಾಡಿತು.

ಪಲ್ಯ ಆಯಿತು. ಬೋಗುಣಿ ತೊಳೆದು, ಅದರಲ್ಲಿ ಮೊದಲ ಪಾಲು ಹಾಕಿದೆ. ನಾನು ಯಾವ ಕಡೆ ಹೊರಟಿದ್ದೇನೆಂದು ಅಳಿಯನಿಗೆ ತಿಳಿಯಿತು.

"ಅತ್ತಿ, ನಿಮಗ ಕೈ ಮುಗೀತೇನ್ರಿ. ಬೇಲಿ ಕಡೆ ಮಾತ್ರ ಹೋಗಬ್ಯಾಡ್ರಿ."

"ಬೇಲಿ ಕಡೆ ಹೋಗಂಗಿಲ್ರಿ ಅಳಿಯಾರ. ಬಾಗಲಕ್ಕs ಹೋಗತೇನಿ."

ಮಿಸೆಸ್ ಹ್ಯಾಡ್ಲಿ ಬಾಗಿಲು ತೆರೆದಳು. ನನ್ನನ್ನು ನೋಡಿ ಕತ್ತಿನವರೆಗೆ ಕೆಂಪಾದಳು.

"ಫೋನ್ ಮಾಡಿದ್ದು ನಾನೇ" ಎಂದಳು.

"ಗೊತ್ತು."

"ಆದರೂ ತಂದಿದ್ದೀರಾ?"

"ನೆರೆಮನೆಗೆ ಕೊಡದೆ ನಮ್ಮ ಹುಡುಗಿಗೆ ಬಡಿಸುವಂತಿಲ್ಲ. ಅವಳು ಮೂರು ತಿಂಗಳಿಂದ ಕಾದಿದ್ದಾಳೆ. ನೀವು ಒಂದು ಚಮಚ ತಿಂದರೆ ನಾನು ಹೋಗಿ ಬಡಿಸುತ್ತೇನೆ."

ಅವಳು ಒಳಗೆ ಕರೆಯಲೂ ಇಲ್ಲ, ಚಮಚ ತಂದು ಬಾಗಿಲಲ್ಲೇ ನಿಂತು ತಿಂದಳು. ಹಸಿಮೆಣಸಿನಕಾಯಿಗೆ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಗೇ ಬಂತೋ ಏನೋ. ಇನ್ನೊಂದು ಚಮಚ ತಿಂದಳು. "ನನ್ನ ಅಮ್ಮ ಹಳ್ಳಿಯಲ್ಲಿ ಸೊಪ್ಪಿಗೆ ವಿನಿಗರ್ ಹಾಕಿ ಹೀಗೇ ಬೇಯಿಸುತ್ತಿದ್ದಳು" ಎಂದು ಬೋಗುಣಿಯನ್ನು ಎದೆಗೆ ಒತ್ತಿಕೊಂಡು ಒಳಗೆ ಒಯ್ದಳು.

ಬಂದು ಸುಮಿಯನ್ನು ಎಬ್ಬಿಸಿ ಕೂರಿಸಿದೆ. ಕೆಂಪು ಜೋಳದ ರೊಟ್ಟಿ, ಮೇಲೆ ಪುಂಡಿಪಲ್ಯ. ಅವಳು ತಾಟು ನೋಡಿದಳು, ನನ್ನ ಮುಖ ನೋಡಿದಳು.

"ದೊಡ್ಡವ್ವ, ಹುಳಿ ಅಲಾ?"

"ಬಾಯಿ ಮುಚಗೊಂಡು ಉಣ್ಣು."

ಒಂದು ತುತ್ತು ತಿಂದಳು. ಕಣ್ಣು ಮುಚ್ಚಿ ಅಗಿದಳು. ಎರಡನೆಯದು, ಮೂರನೆಯದು. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ರೊಟ್ಟಿ ಮುಗಿಯಿತು. ಹುಡುಗಿಯ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅವ್ವನ ಕೈಯಾಂಗ ಆಗಿಲ್ಲ ದೊಡ್ಡವ್ವ" ಎಂದಳು.

"ಇಲ್ಲವ್ವ. ಆಕಿ ಕೈನೇ ಬ್ಯಾರೆ ಇತ್ತು" ಎಂದೆ.

ಸುಮಿ ಬೆರಳಿನಿಂದ ತಾಟು ಒರೆಸಿ ನೆಕ್ಕಿ, ಅದನ್ನು ಮತ್ತೆ ನನ್ನ ಮುಂದೆ ಹಿಡಿದಳು.